ಡಿಸ್ಕ್ ಬ್ರೇಕ್ ಕಿರುಗುಟ್ಟುತ್ತಿದೆಯಾ? ಪ್ಯಾಡ್ ಬದಲಿಸುವ ಮೊದಲು ಇದನ್ನು ನೋಡಿ
ಮಳೆಯಲ್ಲಿ ನೆನೆದ ಬೈಕ್ ಬೆಳಿಗ್ಗೆ ನಾಲ್ಕೈದು ಬ್ರೇಕ್‌ವರೆಗೆ ಕಿರುಗುಟ್ಟಿ ಸುಮ್ಮನಾದರೆ ಬಿಟ್ಟುಬಿಡಿ, ಅದು ಡಿಸ್ಕ್ ಮೇಲಿನ ತೇವ, ತೆಳು ತುಕ್ಕು ಅಷ್ಟೇ. ಕಬ್ಬಿಣ ಉಜ್ಜಿದಂತೆ ಕರಕರ ಅಂದರೆ ಮಾತ್ರ ಗಾಡಿ ಓಡಿಸಬೇಡಿ; ಪ್ಯಾಡ್ (ಡಿಸ್ಕನ್ನು ಒತ್ತಿ ಹಿಡಿಯುವ ತುಂಡು) ಸವೆದು ಅದರ ಹಿಂದಿನ ತಗಡು ಡಿಸ್ಕ್‌ಗೆ ತಾಗುತ್ತಿರಬಹುದು.

ಸದ್ದು ದಿನವಿಡೀ ಇದ್ದರೆ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ಬಿಚ್ಚಿ. ಪ್ಯಾಡ್‌ನ ಮೆಟೀರಿಯಲ್ ಸುಮಾರು 1.5 ಮಿ.ಮೀ.ಗೆ ಇಳಿದಿದ್ದರೆ ಎರಡೂ ಪ್ಯಾಡ್ ಬದಲಿಸಿ. ದಪ್ಪ ಇದ್ದೂ ಮುಖ ಗಾಜಿನಂತೆ ಹೊಳೆಯುತ್ತಿದ್ದರೆ, ಗಾಜಿನ ಹಲಗೆಯ ಮೇಲೆ 120 ನಂಬರ್ ಸ್ಯಾಂಡ್ ಪೇಪರ್ ಹಾಸಿ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ. ಮಾಸ್ಕ್ ಇರಲಿ. ಆಯಿಲ್ ಕುಡಿದ ಪ್ಯಾಡ್ ಉಜ್ಜಿ ಪ್ರಯೋಜನವಿಲ್ಲ, ಎಸೆಯಿರಿ. ಚೈನ್‌ಗೆ ಹೊಡೆದ ಸ್ಪ್ರೇ ಹಿಂದಿನ ಡಿಸ್ಕ್‌ಗೆ ಸಿಡಿಯುವುದೇ ಇದಕ್ಕೆ ಹೆಚ್ಚಾಗಿ ಕಾರಣ.

ಹಲವರು ಮರೆಯುವುದು ಸ್ಲೈಡ್ ಪಿನ್, ಅಂದರೆ ಕ್ಯಾಲಿಪರ್ ಆಚೀಚೆ ಜಾರುವ ಸರಳು. ಅದು ಒಣಗಿದರೆ ಕ್ಯಾಲಿಪರ್ ಸಲೀಸಾಗಿ ಜಾರುವುದಿಲ್ಲ, ಒಂದು ಪ್ಯಾಡ್ ಓರೆಯಾಗಿ ಸವೆದು ನಡುಗುತ್ತದೆ. ಆ ನಡುಕವೇ ಸದ್ದು. ಹಳೇ ಗ್ರೀಸ್ ಒರೆಸಿ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿ (ಪ್ಯಾಡ್ ಮುಖಕ್ಕೆ ತಾಗಬಾರದು). ಡಿಸ್ಕನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ, ಬೋಲ್ಟ್‌ಗಳನ್ನು ಮ್ಯಾನುಯಲ್‌ನಲ್ಲಿರುವ ಟಾರ್ಕ್‌ಗೆ (ಬಿಗಿತದ ಅಳತೆ) ಬಿಗಿ ಮಾಡಿ.

ಹೊರಡುವ ಮುನ್ನ ಬ್ರೇಕ್ ಲಿವರನ್ನು ಅದು ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಿ ಬಿಡಿ. ಇಲ್ಲದಿದ್ದರೆ ಮೊದಲ ಬ್ರೇಕ್ ಹಿಡಿಯುವುದೇ ಇಲ್ಲ.