ಬೆಲುಂ ಗುಹೆಗೆ ಹೋಗುವ ಹಾಸನ, ಚಿಕ್ಕಮಗಳೂರಿನವರಿಗೆ

ಬೆಲುಂ ಗುಹೆಗೆ ಹೊರಟಿದ್ದರೆ ಸ್ವೆಟರ್ ಮನೆಯಲ್ಲೇ ಬಿಡಿ. ಗವಿ ಅಂದರೆ ತಣ್ಣಗಿರುತ್ತದೆ ಅನ್ನುವುದು ನಮ್ಮ ಬೆಟ್ಟದ ಕಡೆಯವರ ಲೆಕ್ಕ. ಆದರೆ ಒಂದು ಊರಿನಲ್ಲಿ ಇಡೀ ವರ್ಷದ ಸರಾಸರಿ ಬಿಸಿ ಎಷ್ಟಿರುತ್ತದೋ ಹೆಚ್ಚು ಕಡಿಮೆ ಅಷ್ಟೇ ಅಲ್ಲಿನ ಗುಹೆಯೊಳಗೂ ಇರುತ್ತದೆ, ಇದು ರಾಯಲಸೀಮೆ, ಹಾಗಾಗಿ ಒಳಗೂ ಸೆಕೆಯೇ. ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರುವುದಿಲ್ಲ. ತೆಳು ಹತ್ತಿ ಬಟ್ಟೆ ಹಾಕಿ, ನೀರಿನ ಬಾಟಲಿ ಇಟ್ಟುಕೊಳ್ಳಿ. ಹವಾಯಿ ಚಪ್ಪಲಿ ಬೇಡ, ನೆಲ ಕೆಲವು ಕಡೆ ಒದ್ದೆ. ಹಿಡಿತ ಇರುವ ಶೂ ಬೇಕು.

ಗುಹೆ ಇರುವುದು ಆಂಧ್ರದ ನಂದ್ಯಾಲ ಜಿಲ್ಲೆಯಲ್ಲಿ, ತಾಡಿಪತ್ರಿಯಿಂದ ಸುಮಾರು 30 ಕಿಲೋಮೀಟರ್. ಬೆಂಗಳೂರು, ಅನಂತಪುರ, ತಾಡಿಪತ್ರಿ ದಾರಿ ಸುಲಭ. ಹಾಸನದಿಂದ ಒಂದೇ ದಿನದಲ್ಲಿ ಹೋಗಿ ಬರುತ್ತೇವೆ ಅನ್ನಬೇಡಿ. ರಾತ್ರಿ ಅನಂತಪುರದಲ್ಲೋ ತಾಡಿಪತ್ರಿಯಲ್ಲೋ ಉಳಿದು ಬೆಳಿಗ್ಗೆ ತಿಂಡಿ ಮುಗಿಸಿ ಹೊರಡಿ. ಏಪ್ರಿಲ್, ಮೇ ರಜೆಯಲ್ಲಿ ಮಾತ್ರ ಬೇಡ, ಆ ಬಿಸಿಲು ನಮಗೆ ತಡೆಯುವುದಿಲ್ಲ. ತೋಟ ಇರುವವರು ಕಾಫಿ ಕೊಯ್ಲು ಶುರುವಾಗುವ ಮೊದಲು ಹೋಗಿಬಂದರೆ ಒಳ್ಳೆಯದು.

ಟಿಕೆಟ್ ತೆಗೆದುಕೊಂಡ ಕೂಡಲೇ ಗೈಡ್ ಕೇಳಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಜನ ಬಣ್ಣದ ಲೈಟು ಇರುವ ಕಡೆಯೆಲ್ಲ ಫೋಟೋ ತೆಗೆದು ಸುಮ್ನೆ ಹೊರಗೆ ಬಂದುಬಿಡುತ್ತಾರೆ, ಏನು ನೋಡಿದೆವು ಅಂತಲೇ ಗೊತ್ತಾಗಿರುವುದಿಲ್ಲ. ಇದುವರೆಗೆ ಅಳೆದಿರುವ ಗುಹೆಯ ಉದ್ದ 3,229 ಮೀಟರ್, ಅದರಲ್ಲಿ ಜನರಿಗೆ ತೆರೆದಿರುವುದು ಸುಮಾರು ಒಂದೂವರೆ ಕಿಲೋಮೀಟರ್. ಕವಲುಗಳು ಬಹಳ. ಗೈಡ್ ಜೊತೆಗಿದ್ದರೆ ದಾರಿಯ ಚಿಂತೆ ಇಲ್ಲ, ಕಣ್ಣು ಗೋಡೆಯ ಮೇಲಿರುತ್ತದೆ. ಅವರು ಹೆಚ್ಚಾಗಿ ತೆಲುಗಿನಲ್ಲಿ ಹೇಳುತ್ತಾರೆ. ‘ಮೆಲ್ಲಗಾ ಚೆಪ್ಪಂಡಿ’ ಅಂದರೆ ನಿಧಾನವಾಗಿ ಹೇಳುತ್ತಾರೆ, ಅರ್ಧಕ್ಕರ್ಧ ನಮಗೂ ಅರ್ಥವಾಗುತ್ತದೆ. ಮಂಡಿ ನೋವು, ಉಬ್ಬಸ, ಬಿಪಿ, ಇಕ್ಕಟ್ಟಾದ ಜಾಗದ ಭಯ, ಏನಿದ್ದರೂ ಒಳಗೆ ಇಳಿಯುವ ಮೊದಲೇ ಅವರಿಗೆ ಹೇಳಿಬಿಡಿ. ಎಲ್ಲಿ ಬಗ್ಗಬೇಕು, ಎಲ್ಲಿ ಕೂತು ಸುಧಾರಿಸಿಕೊಳ್ಳಬಹುದು ಅಂತ ಅವರಿಗೆ ಗೊತ್ತಿರುತ್ತದೆ.

ಮಕ್ಕಳನ್ನು ಕರೆದುಕೊಂಡು ಹೋಗುವವರು ಹೊರಡುವ ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ನಮ್ಮ ಕಡೆ ಅಡುಗೆಮನೆಯ ಶೆಲ್ಫಿಗೆ ಹಾಕುವ ಕಡಪ ಕಲ್ಲು ಇದೆಯಲ್ಲ, ಅದೂ ಆ ಸೀಮೆಯ ಸುಣ್ಣದ ಕಲ್ಲೇ. ಒಂದು ಚೂರು ಕಲ್ಲಿನ ಮೇಲೆ ನಿಂಬೆರಸ ಹಾಕಿ ಸ್ವಲ್ಪ ಹೊತ್ತು ಬಿಡಿ, ಆ ಜಾಗ ಮಂಕಾಗುತ್ತದೆ. ಹುಳಿ ಕಲ್ಲನ್ನು ತಿಂದಿದೆ. ಗುಹೆ ಆಗಿದ್ದೂ ಹೀಗೇ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ, ಬಿರುಕಿನಲ್ಲಿ ಇಳಿಯುತ್ತಾ ಲಕ್ಷಾಂತರ ವರ್ಷ ಕಲ್ಲನ್ನು ಕರಗಿಸುತ್ತದೆ. ಅದೇ ನೀರು ಗುಹೆಯ ಸೂರಿನಿಂದ ತೊಟ್ಟಿಕ್ಕುವಾಗ ಅನಿಲ ಬಿಟ್ಟುಕೊಡುತ್ತದೆ, ಕರಗಿದ್ದ ಸುಣ್ಣ ಮತ್ತೆ ಕಲ್ಲಾಗುತ್ತದೆ. ಮೇಲಿನಿಂದ ಇಳಿಬೀಳುವುದು ಒಂದು, ಕೆಳಗಿನಿಂದ ಏಳುವುದು ಇನ್ನೊಂದು. ಎರಡೂ ಕೂಡಿದರೆ ಕಂಬ.

ಇವು ಬೆಳೆಯುವುದು ಎಷ್ಟು ನಿಧಾನ ಅಂದರೆ, ಸಾವಿರ ವರ್ಷಕ್ಕೆ ಹತ್ತು ಸೆಂಟಿಮೀಟರ್ ಬೆಳೆದರೂ ಸಾಮಾನ್ಯ ಬೆಳವಣಿಗೆಯೇ. ಬೇಲೂರಿನ ಗುಡಿ ಕಟ್ಟಲು ಶುರು ಮಾಡಿದ 1117ರಿಂದ ಈವರೆಗೆ ಒಂದು ಗೇಣೂ ಬೆಳೆದಿರಲಿಕ್ಕಿಲ್ಲ. ಅದಕ್ಕೇ ಮುಟ್ಟಬೇಡಿ. ಕೈಯಲ್ಲಿನ ಎಣ್ಣೆ ಅಂಟಿದರೆ ನೀರು ಆ ಜಾಗದಲ್ಲಿ ಸರಿಯಾಗಿ ಹರಿಯುವುದಿಲ್ಲ, ಕಲ್ಲು ಕಪ್ಪಾಗುತ್ತದೆ, ಬೆಳೆಯುವುದು ನಿಲ್ಲುತ್ತದೆ. ಹೆಸರು ಕೆತ್ತುವವರನ್ನು ಕಂಡರೆ ದಯವಿಟ್ಟು ಗೈಡ್‌ಗೆ ಹೇಳಿ, ಸಂಕೋಚ ಬೇಡ.

ಒಳಗೆ ಮೂರು ಕಡೆ ನಿಂತು ನೋಡಿ. ಕೋಟಿಲಿಂಗಾಲು ಅನ್ನುವ ಕಡೆ ಸಣ್ಣ ಸಣ್ಣ ಲಿಂಗದಂಥ ಕಲ್ಲುಗಳು ಒತ್ತೊತ್ತಾಗಿವೆ. ಸಪ್ತಸ್ವರದ ಗುಹೆಯಲ್ಲಿ ಕಲ್ಲು ತಟ್ಟಿದರೆ ನಾದ ಬರುತ್ತದೆ, 2006ರಲ್ಲಿ ಜನರಿಗೆ ತೆರೆದದ್ದು. ತಟ್ಟುವುದನ್ನು ಗೈಡ್‌ಗೇ ಬಿಡಿ, ಪ್ರತಿಯೊಬ್ಬರೂ ತಟ್ಟಿದರೆ ಆ ಕಲ್ಲು ಉಳಿಯುವುದಿಲ್ಲ ಅಲ್ವಾ? ಕೊನೆಗೆ ಪಾತಾಳಗಂಗೆ, ಸುಮಾರು 46 ಮೀಟರ್ ಆಳದಲ್ಲಿದೆ, ಇಲ್ಲಿ ಇದಕ್ಕಿಂತ ಆಳದ ಜಾಗ ಇಲ್ಲ. ಅಲ್ಲಿಗೆ ಇಳಿಯುವುದು ಸುಲಭ, ಸೆಕೆಯಲ್ಲಿ ಮತ್ತೆ ಹತ್ತುವುದೇ ಕಷ್ಟ. ಹಿರಿಯರು ಮೇಲೇ ಕೂತಿರಲಿ, ತಪ್ಪೇನಿಲ್ಲ.

ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1884ರಲ್ಲೇ ಈ ಗುಹೆಯ ಬಗ್ಗೆ ಬರೆದಿದ್ದರು. ಒಳಹೊಕ್ಕು ಅಳೆದದ್ದು ಡೇನಿಯಲ್ ಗೆಬಾವರ್ ಮುಂದಾಳತ್ವದ ಜರ್ಮನ್ ತಂಡ, 1982-83ರಲ್ಲಿ. ಜನರಿಗೆ ತೆರೆದದ್ದು 2002ರಲ್ಲಿ. ಇದನ್ನೆಲ್ಲ ಗೈಡ್ ಹೇಳದಿದ್ದರೆ ನೀವೇ ಕೇಳಿ, ಕೇಳುವವರು ಸಿಕ್ಕರೆ ಅವರೂ ಖುಷಿಯಿಂದ ಹೇಳುತ್ತಾರೆ.

ಹೊರಗೆ ಬಂದ ಮೇಲೆ ಸ್ವಲ್ಪ ನೆರಳಿನಲ್ಲಿ ಕೂತು ನೀರು ಕುಡಿದು ಆಮೇಲೆ ಗಾಡಿ ಹತ್ತಿ. ವಾಪಸ್ ಬರುವಾಗ ತಾಡಿಪತ್ರಿಯಲ್ಲಿ ಪೆನ್ನಾ ನದಿ ದಡದ ಬುಗ್ಗ ರಾಮಲಿಂಗೇಶ್ವರ ಗುಡಿಗೆ ಒಂದು ಗಂಟೆ ಕೊಡಿ. ವಿಜಯನಗರದ ಕಾಲದ್ದು. ಹಳೇಬೀಡು ನೋಡಿ ಬೆಳೆದವರು ಅಲ್ಲಿನ ಪೂರ್ತಿಯಾಗದ ಗೋಪುರದ ಕೆತ್ತನೆಯನ್ನು ಬಿಡಬಾರದು.