ಹಸ್ಕಿ ಸ್ಲೆಡ್: ಲಗಾಮಿಲ್ಲದ ಬಂಡಿ, ಬ್ರೇಕಿನ ಮೇಲೆ ಕಾಲು

ಹಸ್ಕಿ ನಾಯಿಗಳು ಎಳೆಯುವ ಸ್ಲೆಡ್‌ಗೆ, ಅಂದರೆ ಹಿಮದ ಮೇಲೆ ಜಾರುವ ಚಕ್ರವಿಲ್ಲದ ಬಂಡಿಗೆ, ಲಗಾಮಿಲ್ಲ. ಎತ್ತಿನ ಗಾಡಿಯ ಮೂಗುದಾರದ ಹಗ್ಗದಂಥದ್ದೂ ಏನೂ ಇಲ್ಲ. ಕೈಗೆ ಸಿಗುವುದು ಒಂದು ಹಿಡಿ, ಕಾಲಿಗೆ ಸಿಗುವುದು ಒಂದು ಬ್ರೇಕು. ಅಷ್ಟೇ.

ಫಿನ್ಲೆಂಡಿನ ಉತ್ತರದಲ್ಲಿ, ಇವಾಲೋ ವಿಮಾನ ನಿಲ್ದಾಣಕ್ಕೆ ಹತ್ತಿರದ ಸಾರಿಸೆಲ್ಕಾ ಕಡೆ ನಾನು ಇದನ್ನು ಓಡಿಸಿದೆ. ಫೆಬ್ರುವರಿ ತಿಂಗಳು, ಸೊನ್ನೆಗಿಂತ 18 ಡಿಗ್ರಿ ಕೆಳಗೆ. ನಮಗೆ ಹಲ್ಲು ಕಟಕಟ ಅಂದರೂ ನಾಯಿಗಳಿಗೆ ಅದು ಹಿತವಾದ ಹವೆಯಂತೆ. ದಪ್ಪ ಓವರಾಲ್, ಬೂಟು, ಕೈಗವಸು ಎಲ್ಲ ಅಲ್ಲೇ ಕೊಟ್ಟರು. ಒಳಗೆ ಉಣ್ಣೆಯ ಬಟ್ಟೆ ನಮ್ಮದೇ ಇರಬೇಕು. ಕನ್ನಡಕದವರಿಗೆ ಒಂದು ಮಾತು: ಮೂಗಿನ ಮೇಲೆ ಬಟ್ಟೆ ಕಟ್ಟಿಕೊಂಡರೆ ಉಸಿರೆಲ್ಲ ಗಾಜಿನ ಮೇಲೆ ಹೋಗಿ ಹೆಪ್ಪುಗಟ್ಟುತ್ತದೆ.

ನಾಯಿಗಳನ್ನು ನೋಡಿ ನಮ್ಮವರಿಗೆ ಸ್ವಲ್ಪ ನಿರಾಸೆ. ಸಿನಿಮಾದಲ್ಲಿ ಬರುವ ನೀಲಿ ಕಣ್ಣಿನ, ತುಂಬು ಕೂದಲಿನ ಸೈಬೀರಿಯನ್ ಹಸ್ಕಿ ಅಲ್ಲ ಇವು. ಅಲಾಸ್ಕನ್ ಹಸ್ಕಿ. ಓಟ ಮತ್ತು ತಾಳಿಕೆ ನೋಡಿ ಬೆರೆಸಿ ಬೆಳೆಸಿದ ಮಿಶ್ರ ನಾಯಿಗಳು. ಸಣಕಲು, ಉದ್ದ ಕಾಲು, ಒಂದೊಂದರದು ಒಂದೊಂದು ಬಣ್ಣ. ನಮ್ಮ ಬೀದಿನಾಯಿಗಳ ಪೈಕಿ ಒಂದನ್ನು ಅಲ್ಲಿ ನಿಲ್ಲಿಸಿದರೆ ಗುರುತೇ ಸಿಗಲಿಕ್ಕಿಲ್ಲ!

ಹೊರಡುವ ಮುಂಚಿನ ಗದ್ದಲ ಮಾತ್ರ ಕೇಳಬೇಡಿ. ಆರೂ ನಾಯಿಗಳು ಬೊಗಳಿ, ಊಳಿಟ್ಟು, ಮೇಲಕ್ಕೆ ಹಾರಿ ಹಗ್ಗ ಎಳೆಯುತ್ತವೆ. ಕಂಬಕ್ಕೆ ಕಟ್ಟಿದ ಹಗ್ಗ, ಹಿಮಕ್ಕೆ ಚುಚ್ಚಿದ ಕಬ್ಬಿಣದ ಕೊಕ್ಕೆ, ಬ್ರೇಕಿನ ಮೇಲೆ ನನ್ನ ಎರಡೂ ಕಾಲು. ಇಷ್ಟಿದ್ದೂ ಬಂಡಿ ಅಲುಗಾಡುತ್ತಿತ್ತು. ನಮ್ಮವರು ಮುಂದೆ ಕಂಬಳಿ ಹೊದ್ದು ಕೂತರು, ನಾನು ಹಿಂದಿನ ಎರಡು ಜಾರುಪಟ್ಟಿಗಳ ಮೇಲೆ ನಿಂತೆ. ಗೈಡ್ ಹುಡುಗಿ ಒಂದು ಮಾತನ್ನು ಮೂರು ಸಲ ಹೇಳಿದಳು: ಬಿದ್ದರೂ ಸರಿ, ಹಿಡಿ ಬಿಡಬೇಡಿ. ಬಿಟ್ಟರೆ ನಾಯಿಗಳು ನಿಮಗಾಗಿ ಕಾಯುವುದಿಲ್ಲ, ಖಾಲಿ ಬಂಡಿ ಎಳೆದುಕೊಂಡು ಹೋಗಿಬಿಡುತ್ತವೆ.

ಹಗ್ಗ ಬಿಚ್ಚಿದ ಕೂಡಲೇ ಗದ್ದಲ ನಿಂತುಹೋಯಿತು. ಹಿಮದ ಮೇಲೆ ಪಟ್ಟಿ ಜಾರುವ ಸದ್ದು, ನಾಯಿಗಳ ಏದುಸಿರು, ಅಷ್ಟೇ. ಎರಡೂ ಕಡೆ ಪೈನ್ ಮತ್ತು ಬರ್ಚ್ ಮರಗಳು. ದಾರಿ ನಾಯಿಗಳಿಗೆ ಗೊತ್ತು, ಗೈಡ್‌ನ ಬಂಡಿಯ ಹಿಂದೆಯೇ ಹೋಗುತ್ತವೆ. ಅವಳು ಕೈ ಎತ್ತಿದರೆ ನಿಲ್ಲಿಸಬೇಕು.

ಹಾಗಾದರೆ ಓಡಿಸುವವರಿಗೆ ಏನು ಕೆಲಸ? ಇಳಿಜಾರಿನಲ್ಲಿ ಗೊತ್ತಾಗುತ್ತದೆ. ಬಂಡಿ ನಾಯಿಗಳಿಗಿಂತ ಜೋರಾಗಿ ಜಾರಿದರೆ ಹಿಂದಿನ ಜೋಡಿಯ ಕಾಲಿಗೆ ಬಡಿಯುತ್ತದೆ. ಅದಕ್ಕೇ ಎಳೆಯುವ ಹಗ್ಗ ಯಾವಾಗಲೂ ಬಿಗಿಯಾಗಿರಬೇಕು. ಸಡಿಲವಾಗುತ್ತಿದೆ ಅನ್ನಿಸಿದ ತಕ್ಷಣ ಬ್ರೇಕಿನ ಮೇಲೆ ಒಂದು ಕಾಲು, ಮೆಲ್ಲಗೆ. ನಾನು ಕಾಡು ನೋಡುವುದು ಬಿಟ್ಟು ಆ ಹಗ್ಗವನ್ನೇ ನೋಡುತ್ತಿದ್ದೆ. ತಿರುವಿನಲ್ಲಿ ಮೈಯನ್ನು ಒಳಬದಿಗೆ ವಾಲಿಸಬೇಕು, ಇಲ್ಲದಿದ್ದರೆ ಬಂಡಿ ಮಗುಚುತ್ತದೆ. ಏರು ಬಂದರೆ ಒಂದು ಕಾಲು ಕೆಳಗಿಟ್ಟು ನೂಕಬೇಕು. ಸುಮ್ನೆ ನಿಂತಿದ್ದೆ ನೋಡಿ, ಹಿಂದಿನ ಜೋಡಿಯ ಕಪ್ಪು ನಾಯಿ ತಿರುಗಿ ನನ್ನ ಮುಖವನ್ನೇ ನೋಡಿತು. ಆಮೇಲೆ ನೂಕದೆ ಇರಲು ಧೈರ್ಯವಾಗಲಿಲ್ಲ. ಬೆವರೂ ಬಂತು!

ನಾಯಿಗಳು ಓಡುತ್ತಲೇ ಹಿಮಕ್ಕೆ ಬಾಯಿ ಹಾಕಿ ಬಾಯಾರಿಕೆ ತೀರಿಸಿಕೊಳ್ಳುತ್ತವೆ. ಓಡುತ್ತಲೇ ಕಕ್ಕಸೂ ಮುಗಿಸುತ್ತವೆ. ಮುಂದೆ ಕೂತವರ ಮೂಗಿಗೆ ಅದು ನೇರವಾಗಿ ಬರುತ್ತದೆ. ಅರ್ಧ ದಾರಿಯಲ್ಲಿ ಜಾಗ ಬದಲಾಯಿಸಿದಾಗ ನಮ್ಮವರು ಖುಷಿಪಟ್ಟದ್ದು ಇದಕ್ಕೂ ಇರಬಹುದು.

ಇದು ಆ ನೆಲದ ಹಳೆಯ ಪದ್ಧತಿ ಅಂತ ಅಂದುಕೊಂಡು ಹೋಗಬೇಡಿ. ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಬಂಡಿ ಎಳೆಯುತ್ತಿದ್ದುದು ಹಿಮಸಾರಂಗ. ಹಸ್ಕಿ ಬಂಡಿಗಳು ಪ್ರವಾಸಿಗರ ಜೊತೆ ಬಂದವು.

ಬುಕ್ ಮಾಡುವ ಮುಂಚೆ, ನಾವೇ ಓಡಿಸಬಹುದೇ ಎಂದು ಕೇಳಿ. ಸಣ್ಣ ಸುತ್ತುಗಳಲ್ಲಿ ಎಷ್ಟೋ ಕಡೆ ಗೈಡೇ ಓಡಿಸುತ್ತಾರೆ, ನೀವು ಕೂತು ಬರುತ್ತೀರಿ. ಡಿಸೆಂಬರಿನಲ್ಲಿ ಅಲ್ಲಿ ವಾರಗಟ್ಟಲೆ ಸೂರ್ಯ ಹುಟ್ಟುವುದೇ ಇಲ್ಲ. ಬೆಳಕೂ ಬೇಕು, ಹಿಮವೂ ಬೇಕು ಅಂದರೆ ಮಾರ್ಚ್ ಒಳ್ಳೆಯದು. ಸಸ್ಯಾಹಾರಿಗಳಾಗಿದ್ದರೆ ಅದನ್ನೂ ಆಗಲೇ ಹೇಳಿಬಿಡಿ. ದಾರಿಯಲ್ಲಿ ಬೆಂಕಿ ಹಾಕಿ ಸಾಮಾನ್ಯವಾಗಿ ಸುಡುವುದು ಸಾಸೇಜ್. ನಾವು ಹೇಳಿದ್ದೆವು, ನಮಗೆ ತರಕಾರಿ ಸೂಪು, ಬ್ರೆಡ್ಡು, ಬಿಸಿ ಹಣ್ಣಿನ ರಸ ಸಿಕ್ಕಿತು.