ಜನಗಣತಿ ನಮೂನೆಯಲ್ಲಿ ದುಡಿಮೆಯ ಕಾಲಂ: ತುಂಬುವುದು ಹೇಗೆ, ಲೆಕ್ಕ ಓದುವುದು ಹೇಗೆ

2011ರ ಜನಗಣತಿಯ ಕುಟುಂಬ ಅನುಸೂಚಿಯಲ್ಲಿ, ಅಂದರೆ ಮನೆಮಂದಿಯ ವಿವರ ಬರೆದುಕೊಳ್ಳುವ ನಮೂನೆಯಲ್ಲಿ, 29 ಪ್ರಶ್ನೆಗಳಿದ್ದವು. ಅವುಗಳಲ್ಲಿ 16ರಿಂದ 23ರವರೆಗಿನವು ದುಡಿಮೆಗೆ ಸೇರಿದವು. ಮುಂದಿನ ಗಣತಿಯ ಆಧಾರ ದಿನ, ಅಂದರೆ ಎಣಿಕೆಗೆ ಲೆಕ್ಕ ಹಿಡಿಯುವ ದಿನ, 2027ರ ಮಾರ್ಚ್ 1. ಇಲ್ಲಿರುವ ಪ್ರಶ್ನೆ ಸಂಖ್ಯೆ, ಕೋಡ್‌ಗಳೆಲ್ಲ 2011ರವು. ಹೊಸ ಕೈಪಿಡಿ ಬಂದ ಮೇಲೆ ಅದರಲ್ಲಿ ಇರುವುದೇ ಅಂತಿಮ.

ಮೊದಲು 16ನೇ ಪ್ರಶ್ನೆ: ಗಣತಿಯ ದಿನದಿಂದ ಹಿಂದಿನ ಒಂದು ವರ್ಷದಲ್ಲಿ ಯಾವಾಗಲಾದರೂ ಕೆಲಸ ಮಾಡಿದ್ದಾರೆಯೇ? 6 ತಿಂಗಳು ಅಥವಾ ಹೆಚ್ಚು ಮಾಡಿದ್ದರೆ ಮುಖ್ಯ ಕೆಲಸಗಾರ, ಕೋಡ್ 1. 3 ತಿಂಗಳಿಂದ 6 ತಿಂಗಳೊಳಗೆ ಆದರೆ ಅಂಚಿನ ಕೆಲಸಗಾರ, ಕೋಡ್ 2. 3 ತಿಂಗಳಿಗೂ ಕಡಿಮೆಯಾದರೆ ಅದೂ ಅಂಚಿನದೇ, ಕೋಡ್ 3. ಏನೂ ಮಾಡಿಲ್ಲವೆಂದರೆ ಕೋಡ್ 4. ತಿಂಗಳುಗಳನ್ನು ಕೂಡಿಸಿಯೇ ಎಣಿಸಬೇಕು. ನಾಲ್ಕು ತಿಂಗಳು ಸ್ವಂತ ಹೊಲದಲ್ಲಿ, ಮೂರು ತಿಂಗಳು ಕೂಲಿಗೆ ಹೋದವರು ಮುಖ್ಯ ಕೆಲಸಗಾರರು. ಪ್ರತಿ ಕೆಲಸವನ್ನೂ ಬೇರೆ ಬೇರೆ ಅಳೆದು ಅಂಚಿಗೆ ತಳ್ಳಿದರೆ ತಪ್ಪಾಯಿತು.

ಕೂಲಿ ಅಥವಾ ಲಾಭ ಸಿಕ್ಕರೆ ಮಾತ್ರ ಕೆಲಸ ಎಂದಲ್ಲ. ಮನೆಯ ಜಮೀನಿನಲ್ಲಿ, ಮನೆಯ ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿದರೂ ಕೆಲಸವೇ. ಮನೆಮಂದಿ ಉಣ್ಣುವುದಕ್ಕೆಂದೇ ಬೆಳೆದ ರಾಗಿ, ಮನೆಬಳಕೆಗೆಂದೇ ಕರೆದ ಹಾಲು ಕೂಡ ಲೆಕ್ಕಕ್ಕೆ ಬರುತ್ತವೆ. ಅಡುಗೆ, ಮಕ್ಕಳ ಆರೈಕೆ ಬರುವುದಿಲ್ಲ. ಈ ಗೆರೆ ನ್ಯಾಯವೇ ಎಂಬುದು ಬೇರೆ ಜಗಳ. ನಮೂನೆ ತುಂಬುವವರು ಗೆರೆಯನ್ನು ಪಾಲಿಸಲೇಬೇಕು.

ಹೆಂಗಸರ ದುಡಿಮೆ ಕಳೆದುಹೋಗುವುದು ಹೆಚ್ಚಾಗಿ ಇಲ್ಲೇ. “ನಿಮ್ಮ ಹೆಂಡತಿ ಕೆಲಸಕ್ಕೆ ಹೋಗ್ತಾರಾ?” ಎಂದು ಯಜಮಾನರನ್ನು ಕೇಳಿದರೆ “ಇಲ್ಲ, ಮನೇಲೇ ಇರ್ತಾಳೆ” ಎಂಬ ಉತ್ತರ ಬರುತ್ತದೆ. ಅಲ್ಲಿಗೇ ಬಿಡಬೇಡಿ. ಸಾಧ್ಯವಾದರೆ ಆಕೆಯನ್ನೇ ಮಾತಾಡಿಸಿ, ಒಂದೊಂದಾಗಿ ಕೇಳಿ: ನಾಟಿ, ಕಳೆ, ಕೊಯ್ಲಿಗೆ ಹೋಗಿದ್ರಾ? ಹಸು ಎಮ್ಮೆ ನೋಡಿಕೊಳ್ಳೋರು ಯಾರು? ವರ್ಷದಲ್ಲಿ ಎಷ್ಟು ತಿಂಗಳು? ಪ್ರಶ್ನೆಯ ರೂಪ ಅಂಕಿಯನ್ನು ಎಷ್ಟು ಅಲ್ಲಾಡಿಸುತ್ತದೆ ಎಂಬುದಕ್ಕೆ 1971ರ ಗಣತಿಯೇ ಸಾಕ್ಷಿ. ಆಗ ಮೊದಲು ಕೇಳಿದ್ದು ಮುಖ್ಯ ಚಟುವಟಿಕೆ ಏನೆಂದು. ಮನೆಗೆಲಸ ಎಂದವರು ಹೊಲದಲ್ಲಿ ಅಷ್ಟಿಷ್ಟು ದುಡಿಯುತ್ತಿದ್ದರೂ ಕೆಲಸಗಾರರಲ್ಲದವರ ಪಟ್ಟಿಗೆ ಹೋದರು. 1961ರಲ್ಲಿ ಸುಮಾರು ಶೇ. 28 ಇದ್ದ ಮಹಿಳಾ ಕೆಲಸಗಾರರ ಪ್ರಮಾಣ ಹತ್ತು ವರ್ಷದಲ್ಲಿ ಅರ್ಧದಷ್ಟಕ್ಕೆ ಕುಸಿದಂತೆ ಕಂಡಿತು. ಮುಖ್ಯ, ಅಂಚಿನ ಎಂಬ ವಿಂಗಡಣೆ 1981ರಲ್ಲಿ ಬಂತು. ಸಂಬಳವಿಲ್ಲದ ಹೊಲದ ದುಡಿಮೆಯನ್ನೂ ಸೇರಿಸಿ ಎಂದು 1991ರ ಪ್ರಶ್ನೆಯಲ್ಲೇ ಬರೆಯಲಾಯಿತು.

17ನೇ ಪ್ರಶ್ನೆಯಲ್ಲಿ ನಾಲ್ಕು ಗುಂಪು: ಸಾಗುವಳಿದಾರ 1, ಕೃಷಿ ಕಾರ್ಮಿಕ 2, ಗೃಹ ಕೈಗಾರಿಕೆ 3, ಇತರೆ 4. ಎರಡು ಕೆಲಸವಿದ್ದರೆ ಹೆಚ್ಚು ಕಾಲ ಮಾಡಿದ್ದನ್ನು ಹಿಡಿಯಿರಿ. ಜಮೀನು ಸ್ವಂತದ್ದಿರಲಿ, ಗೇಣಿಯದಿರಲಿ, ಪಾಲಿಗೆ ಮಾಡಿದ್ದಿರಲಿ, ಬೆಳೆಯ ನಷ್ಟ ಹೊರುವವರು ಸಾಗುವಳಿದಾರರು. ಬೇರೆಯವರ ಹೊಲದಲ್ಲಿ ಹಣಕ್ಕೋ ಕಾಳಿಗೋ ದುಡಿದು, ಬೆಳೆ ಹೋದರೂ ಬಂದರೂ ಹೊಣೆಯಿಲ್ಲದವರು ಕೃಷಿ ಕಾರ್ಮಿಕರು. ಜಮೀನನ್ನು ಪೂರ್ತಿ ಗೇಣಿಗೆ ಕೊಟ್ಟು, ಮೇಲ್ವಿಚಾರಣೆಯನ್ನೂ ಮಾಡದೆ ಊರಲ್ಲಿ ಕೂತವರು ಸಾಗುವಳಿದಾರರಲ್ಲ.

ಕರ್ನಾಟಕದಲ್ಲಿ ಎಡವುವ ಜಾಗ ಇನ್ನೊಂದಿದೆ. ಕಾಫಿ, ಚಹಾ, ರಬ್ಬರ್, ತೆಂಗು, ಅಡಿಕೆ ಈ ಲೆಕ್ಕದಲ್ಲಿ ತೋಟದ ಬೆಳೆಗಳು, ಸಾಗುವಳಿಯಲ್ಲ. ಹಾಗಾಗಿ ಕೊಡಗಿನ ಕಾಫಿ ಬೆಳೆಗಾರರು, ಶಿರಸಿಯ ಅಡಿಕೆ ತೋಟದವರು, ಅಲ್ಲಿನ ಆಳುಗಳು ಎಲ್ಲರೂ ‘ಇತರೆ’. ಭತ್ತ, ಕಬ್ಬು, ಹಣ್ಣು, ತರಕಾರಿಯಂಥವನ್ನು ಬೆಳೆಯುವವರು ಸಾಗುವಳಿದಾರರು. ಮಲೆನಾಡು ಜಿಲ್ಲೆಯ ಪಟ್ಟಿಯಲ್ಲಿ ‘ಇತರೆ’ ದೊಡ್ಡದಾಗಿ ಕಂಡ ಮಾತ್ರಕ್ಕೆ ಕೈಗಾರಿಕೆ ಬೆಳೆದಿದೆ ಎಂದು ತೀರ್ಮಾನಿಸಬೇಡಿ.

ಗೃಹ ಕೈಗಾರಿಕೆ ಎಂದರೆ ಮನೆಯವರೇ ಮುಂದೆ ನಿಂತು ತಯಾರಿಸುವ, ಸಂಸ್ಕರಿಸುವ, ದುರಸ್ತಿ ಮಾಡುವ ಕೆಲಸ. ಹಳ್ಳಿಯಲ್ಲಾದರೆ ಊರೊಳಗೆ ಎಲ್ಲಿ ನಡೆದರೂ ಸರಿ, ಪಟ್ಟಣದಲ್ಲಿ ವಾಸದ ಮನೆಯ ಆವರಣದಲ್ಲೇ ಇರಬೇಕು. ಮನೆಯ ಕೈಮಗ್ಗ ಇಲ್ಲಿಗೆ ಸೇರುತ್ತದೆ. ತಂದು ಮಾರುವ ವ್ಯಾಪಾರ, ಕ್ಷೌರ, ಬಟ್ಟೆ ಒಗೆಯುವುದು, ವೈದ್ಯ ವಕೀಲಿ ವೃತ್ತಿ ಸೇರುವುದಿಲ್ಲ.

17ನೇ ಪ್ರಶ್ನೆಯಲ್ಲಿ ಕೋಡ್ 3, 4 ಬಂದವರಿಗೆ 18ರಲ್ಲಿ ವ್ಯಕ್ತಿ ಮಾಡುವ ಕೆಲಸ, 19ರಲ್ಲಿ ಆ ಜಾಗದಲ್ಲಿ ನಡೆಯುವ ಉದ್ಯಮ ಬರೆಯಬೇಕು. ಸಕ್ಕರೆ ಕಾರ್ಖಾನೆಯ ಲಾರಿ ಓಡಿಸುವ ನೌಕರನಿಗೆ 18ರಲ್ಲಿ ‘ಲಾರಿ ಚಾಲಕ’, 19ರಲ್ಲಿ ‘ಸಕ್ಕರೆ ತಯಾರಿಕೆ’. ‘ಕಂಪನಿ ಕೆಲಸ’, ‘ಬಿಸಿನೆಸ್’ ಎಂದು ಗೀಚಿದರೆ ಕೋಡ್ ಹಾಕುವವರು ಕೈಚೆಲ್ಲುತ್ತಾರೆ. 20ರಲ್ಲಿ ಮಾಲೀಕ, ನೌಕರ, ಒಂಟಿ ದುಡಿಮೆಗಾರ, ಕುಟುಂಬದ ದುಡಿಮೆಗಾರ ಎಂಬ ವರ್ಗ. 23ರಲ್ಲಿ ಕೆಲಸಕ್ಕೆ ಹೋಗುವ ದೂರ. ಒಂದು ಕಡೆಯದು ಮಾತ್ರ, ಕಿಲೋಮೀಟರಿನಲ್ಲಿ.

ಇನ್ನು ಲೆಕ್ಕ. ಒಟ್ಟು ಕೆಲಸಗಾರರನ್ನು ಒಟ್ಟು ಜನಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಿದರೆ ದುಡಿಮೆಯಲ್ಲಿ ಭಾಗವಹಿಸುವಿಕೆ ದರ. 2011ರಲ್ಲಿ ದೇಶದಲ್ಲಿ 48.17 ಕೋಟಿ ಕೆಲಸಗಾರರು, ದರ ಶೇ. 39.8, ಗಂಡಸರಲ್ಲಿ 53.3, ಹೆಂಗಸರಲ್ಲಿ 25.5. ಇವರಲ್ಲಿ 11.93 ಕೋಟಿ ಜನ, ಅಂದರೆ ಕಾಲುಭಾಗದಷ್ಟು, ಅಂಚಿನವರು. ಕರ್ನಾಟಕದ ದರ ಶೇ. 45.6. ಛೇದದಲ್ಲಿ ಹಸುಗೂಸುಗಳೂ ಇವೆ. ಆದ್ದರಿಂದ 15 ವರ್ಷ ಮೇಲ್ಪಟ್ಟವರ ಸಮೀಕ್ಷಾ ದರದ ಪಕ್ಕ ಇದನ್ನಿಟ್ಟರೆ ಹೋಲಿಕೆಯೇ ಕೆಡುತ್ತದೆ. ವಯಸ್ಸುವಾರು ಪಟ್ಟಿಯಿಂದ ಛೇದವನ್ನು ಮರಳಿ ಕಟ್ಟಿಕೊಳ್ಳಿ.

ಕೆಲಸ ಹುಡುಕುತ್ತಿದ್ದೀರಾ ಎಂಬ 22ನೇ ಪ್ರಶ್ನೆಯಿಂದ ನಿರುದ್ಯೋಗ ದರ ತೆಗೆಯುವ ಆಸೆ ಹಲವರಿಗೆ. ಆದರೆ ಅದನ್ನು ಅಂಚಿನ ಕೆಲಸಗಾರರಿಗೂ ಕೇಳಲಾಗುತ್ತದೆ. ‘ಹೌದು’ ಎಂದವರನ್ನೆಲ್ಲ ಒಟ್ಟು ಕೆಲಸಗಾರರ ಜೊತೆ ಕೂಡಿಸಿದರೆ ಒಂದೇ ತಲೆ ಎರಡು ಸಲ ಎಣಿಕೆಯಾಗುತ್ತದೆ. 2017ರಲ್ಲಿ ಶುರುವಾದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ ವರ್ಷದ ಸ್ಥಿತಿಯ ಜೊತೆಗೆ ಹಿಂದಿನ 7 ದಿನದಲ್ಲಿ ಒಂದು ಗಂಟೆಯಾದರೂ ದುಡಿದಿದ್ದಾರೆಯೇ ಎಂದೂ ನೋಡುತ್ತದೆ. ನಿರುದ್ಯೋಗಕ್ಕೆ ಅದನ್ನೇ ಬಳಸಿ. ಗಣತಿಯನ್ನು ಹಳ್ಳಿ, ವಾರ್ಡಿನ ಮಟ್ಟದ ಚಿತ್ರಕ್ಕೆ ಇಟ್ಟುಕೊಳ್ಳಿ. ಆಯ್ದ ಮನೆಗಳನ್ನಷ್ಟೇ ಕೇಳುವ ಆ ಮಾದರಿ ಸಮೀಕ್ಷೆ ಅಷ್ಟು ಕೆಳಗೆ ಇಳಿಯುವುದಿಲ್ಲ.